ಸಡಾದ ಹೊಂಡದಲ್ಲಿ ಅಂಗಾತ ಈಜುವವರು

ಪ್ರಶ್ನೆ: ನಾನು ಖಾನಾಪುರ ತಾಲ್ಲೂಕಿನ ಒಂದು ಪ್ರಾಥಮಿಕ ಶಾಲೆಯ ಶಿಕ್ಷಕಿ. ಶಾಲೆಯ ಹಿಂದಿನ ಏರು ಹತ್ತಿದರೆ ಜಂಬಿಟ್ಟಿಗೆ ಕಲ್ಲಿನ ದೊಡ್ಡ ಬಯಲಿದೆ. ಇಲ್ಲಿನವರು ಅದನ್ನು ಸಡಾ ಅನ್ನುತ್ತಾರೆ. ಬೇಸಿಗೆಯಲ್ಲಿ ಬರಿಗಾಲಿಡಲು ಆಗದಷ್ಟು ಕಾಯುತ್ತದೆ. ಮಳೆ ಹಿಡಿದ ಮೇಲೆ ಅಲ್ಲಿನ ತಗ್ಗುಗಳಲ್ಲಿ ನೀರು ನಿಲ್ಲುತ್ತದೆ. ಈ ಸಲ ಮಕ್ಕಳು ಒಂದು ಬಾಟಲಿಯಲ್ಲಿ ನೀರು ತಂದು, "ಅಕ್ಕೋರ, ಇವು ಉಲ್ಟಾ ಈಸ್ತಾವ್ರಿ" ಎಂದು ತೋರಿಸಿದರು. ಗಾಜಿನಂತೆ ಪಾರದರ್ಶಕ, ಉಗುರಿನಷ್ಟು ಉದ್ದ, ಹೊಟ್ಟೆಯ ಕಡೆ ಜರೀಗಿಡದ ಎಲೆಯಂಥ ಕಾಲುಗಳು. ಹತ್ತು ಹೆಜ್ಜೆ ಆಚೆಯ ಹೊಂಡದಲ್ಲಿ ಅವು ಒಂದೂ ಇರಲಿಲ್ಲ, ಬದಲಿಗೆ ಓಡಾಡುವ ಪುಟ್ಟ ಚಿಪ್ಪುಗಳಿದ್ದವು. ಊರಿನ ಹಿರಿಯರು ಮಳೆಯ ಜತೆ ಬೀಳುತ್ತವೆ ಅನ್ನುತ್ತಾರೆ. ಇವು ಯಾವುವು, ಬೇಸಿಗೆಯಲ್ಲಿ ಎಲ್ಲಿರುತ್ತವೆ? ಇನ್ನೊಂದು ಮಾತು: ಸೊಳ್ಳೆ ಕಾಟಕ್ಕೆಂದು ಈ ಹೊಂಡಗಳನ್ನು ಆಳ ಮಾಡಿಸಿ ಮೀನು ಬಿಡಬೇಕು ಎಂಬ ಚರ್ಚೆ ಊರಿನಲ್ಲಿ ನಡೆದಿದೆ. ಸರಿಯೇ?

ಉತ್ತರ: ಮೊದಲು ನಿಮ್ಮ ಮಕ್ಕಳಿಗೆ ಒಂದು ಶಹಬ್ಬಾಸ್ ಹೇಳಿಬಿಡಿ. "ಉಲ್ಟಾ ಈಸ್ತಾವ್ರಿ" ಎಂಬ ಎರಡು ಪದದಲ್ಲಿ ಅರ್ಧ ಗುರುತು ಹಿಡಿದಾಗಿದೆ. ಅಂಗಾತ ಮಲಗಿ, ಕಾಲುಗಳನ್ನು ಆಕಾಶಕ್ಕೆ ಮಾಡಿ, ಅಲೆಯಲೆಯಾಗಿ ಕಾಲು ಬಡಿಯುತ್ತ ತೇಲುವ, ಚಿಪ್ಪಿಲ್ಲದ ಪಾರದರ್ಶಕ ಜೀವಿ ಎಂದರೆ ಅದು ಫೇರಿ ಶ್ರಿಂಪ್. ಹೆಸರಿನಲ್ಲಿ ಶ್ರಿಂಪ್ ಇದ್ದರೂ ನಾವು ಸಾರು ಮಾಡುವ ಸೀಗಡಿಗೆ ಇದು ಹತ್ತಿರದ ನೆಂಟನಲ್ಲ. ಏಡಿ, ಸೀಗಡಿಗಳಿರುವ ಕಠಿಣಚರ್ಮಿಗಳ ದೊಡ್ಡ ಮನೆತನಕ್ಕೇ ಸೇರಿದ್ದು ನಿಜ, ಆದರೆ ಬಹಳ ಹಿಂದೆಯೇ ಪಾಲಾಗಿ ಬೇರೆ ಹೋದ ಕವಲು.

ಅದರ ಕಾಲುಗಳನ್ನು ಕೈಮಸೂರದಲ್ಲಿ ನೋಡಿಸಿ. ಸಾಮಾನ್ಯವಾಗಿ ಹನ್ನೊಂದು ಜೊತೆ ಇರುತ್ತವೆ. ಈಜುವುದೂ ಅವುಗಳಿಂದಲೇ, ಉಸಿರಾಡುವುದೂ ಅವುಗಳಿಂದಲೇ, ನೀರಿನಲ್ಲಿರುವ ಪಾಚಿಯ ಕಣಗಳನ್ನು ಸೋಸಿ ಬಾಯಿಗೆ ತಳ್ಳುವುದೂ ಅವುಗಳಿಂದಲೇ. ನಿಂತರೆ ಊಟವೂ ಇಲ್ಲ, ಉಸಿರೂ ಇಲ್ಲ. ಗಂಡುಗಳಿಗೆ ಮುಖದ ಮುಂದೆ ಇಕ್ಕಳದಂಥ ದೊಡ್ಡ ಅಂಗವಿರುತ್ತದೆ; ಹೆಣ್ಣನ್ನು ಹಿಡಿದುಕೊಳ್ಳುವುದಕ್ಕೆ. ಹೆಣ್ಣುಗಳ ಹೊಟ್ಟೆಯ ಕೊನೆಯಲ್ಲಿ ಮೊಟ್ಟೆ ತುಂಬಿದ ಒಂದು ಚೀಲ. ಜಾತಿ ಯಾವುದೆಂದು ಹೇಳಬೇಕಾದರೆ ಗಂಡಿನ ಆ ಇಕ್ಕಳವನ್ನೇ ಸೂಕ್ಷ್ಮದರ್ಶಕದಡಿ ನೋಡಬೇಕು. ಹಾಗಾಗಿ ನಿಮ್ಮ ಬಾಟಲಿಯಲ್ಲಿದ್ದದ್ದು ಇಂಥದ್ದೇ ಜಾತಿ ಎಂದು ಇಲ್ಲಿ ಕೂತು ಹೇಳಲಾರೆ. ದಕ್ಷಿಣ ಭಾರತದ ಮಳೆಹೊಂಡಗಳಲ್ಲಿ ಸ್ಟ್ರೆಪ್ಟೋಸೆಫಾಲಸ್ ಡೈಕೋಟೊಮಸ್ ಎಂಬುದು ಬಹುಕಾಲದಿಂದ ಗೊತ್ತಿರುವ ಜಾತಿ. ಸಹ್ಯಾದ್ರಿಯ ಹೆಸರನ್ನೇ ಹೊತ್ತ ಸ್ಟ್ರೆಪ್ಟೋಸೆಫಾಲಸ್ ಸಹ್ಯಾದ್ರಿಯೆನ್ಸಿಸ್‌ಗೆ ವಿಜ್ಞಾನದಲ್ಲಿ ನಾಮಕರಣವಾದದ್ದು 2014ರಲ್ಲಿ. ಅಂದರೆ ದನ ಕಾಯುವ ಹುಡುಗರು ತಲೆತಲಾಂತರದಿಂದ ನೋಡುತ್ತಿದ್ದ ಪ್ರಾಣಿಗೆ ಪುಸ್ತಕದಲ್ಲಿ ಜಾಗ ಸಿಕ್ಕಿದ್ದು ಮೊನ್ನೆಮೊನ್ನೆ.

ಉಲ್ಟಾ ಯಾಕೆ ಎಂದು ಮಕ್ಕಳು ಖಂಡಿತ ಕೇಳುತ್ತಾರೆ. ಉತ್ತರ ಹೇಳಬೇಡಿ, ತೋರಿಸಿ. ಒಂದು ಗಾಜಿನ ಲೋಟದಲ್ಲಿ ನಾಲ್ಕು ಫೇರಿ ಶ್ರಿಂಪ್ ಬಿಟ್ಟು, ಕಿಟಕಿ ಬಾಗಿಲು ಮುಚ್ಚಿ ಕತ್ತಲೆ ಮಾಡಿ, ಲೋಟದ ತಳದಿಂದ ಟಾರ್ಚ್ ಹಿಡಿಯಿರಿ. ಒಂದೊಂದಾಗಿ ಮಗುಚಿಕೊಂಡು, ನಮ್ಮ ಲೆಕ್ಕದಲ್ಲಿ "ಸರಿಯಾಗಿ" ಈಜಲು ಶುರು ಮಾಡುತ್ತವೆ. ಅವು ಹೊಟ್ಟೆಯನ್ನು ಬೆಳಕಿನ ಕಡೆ ಇಟ್ಟುಕೊಳ್ಳುತ್ತವೆ, ಅಷ್ಟೇ. ಬೆಳಕು ಸಾಮಾನ್ಯವಾಗಿ ಮೇಲಿನಿಂದ ಬರುತ್ತದೆ, ಆದ್ದರಿಂದ ನಮಗೆ ಅವು ಅಂಗಾತ ಕಾಣುತ್ತವೆ.

ಈಗ ಬೇಸಿಗೆಯ ವಿಚಾರ. ಅವು ಎಲ್ಲಿಗೂ ಹೋಗಿರಲಿಲ್ಲ. ಏಪ್ರಿಲ್‌ನಲ್ಲಿ ನೀವು ಆ ತಗ್ಗಿನಲ್ಲಿ ನಡೆದಾಗ ಚಪ್ಪಲಿಗೆ ಅಂಟಿದ ಕೆಂಪು ಧೂಳಿನಲ್ಲಿ ಅವು ಇದ್ದವು.

ಮೊಟ್ಟೆ ಎಂದು ನಾವು ಕರೆಯುತ್ತೇವಾದರೂ ಅದು ಬರೀ ಮೊಟ್ಟೆಯಲ್ಲ. ತಾಯಿಯ ಚೀಲದಲ್ಲಿರುವಾಗಲೇ ಒಳಗಿನ ಭ್ರೂಣ ಒಂದು ಹಂತದ ತನಕ ಬೆಳೆದು, ಅಲ್ಲಿಗೆ ನಿಂತುಬಿಡುತ್ತದೆ. ಸುತ್ತ ಗಟ್ಟಿ ಹೊದಿಕೆ. ಒಳಗೆ ಟ್ರೆಹಲೋಸ್ ಎಂಬ ಸಕ್ಕರೆ ಸೇರಿಕೊಂಡು, ನೀರು ಹೊರಟುಹೋದ ಮೇಲೂ ಕೋಶಗಳ ಆಕಾರ ಕೆಡದಂತೆ ಆತುಕೊಳ್ಳುತ್ತದೆ. ಹೊಂಡ ಬತ್ತುತ್ತದೆ, ತಾಯಿ ಸಾಯುತ್ತಾಳೆ, ಮೊಟ್ಟೆ ಧೂಳಿನಲ್ಲಿ ಉಳಿಯುತ್ತದೆ. ಬಿಸಿಲಿಗೆ ಕಾದ ಕಲ್ಲಿನ ಮೇಲೆ ಅದಕ್ಕೆ ಜೀವವಿದೆ ಎಂದು ಹೇಳುವ ಯಾವ ಕುರುಹೂ ಹೊರಗಿನಿಂದ ಸಿಗದು. ವರ್ಷಗಟ್ಟಲೆ, ಅನುಕೂಲವಾದರೆ ದಶಕಗಳ ಕಾಲ ಹೀಗೇ ಇರಬಲ್ಲದು. ಅಕ್ವೇರಿಯಂ ಅಂಗಡಿಗಳಲ್ಲಿ ಡಬ್ಬಿಯಲ್ಲಿ ಮಾರುವ ಬ್ರೈನ್ ಶ್ರಿಂಪ್ ಮೊಟ್ಟೆಗಳನ್ನು ನೋಡಿದ್ದರೆ ಅದೂ ಇದೇ ಬಗೆ. ಅದು ಉಪ್ಪುನೀರಿನ ದಾಯಾದಿ.

ಮಳೆಯ ನೀರು ಬಿದ್ದಾಗ ಮೊಟ್ಟೆ ಹಲವು ವಿಷಯ ಒಟ್ಟಿಗೇ ಅಳೆಯುತ್ತದೆ. ನೀರು ತಿಳಿಯೇ, ಅಂದರೆ ಲವಣ ಕಡಿಮೆಯೇ? ಬೆಳಕಿದೆಯೇ? ಆಮ್ಲಜನಕ ಇದೆಯೇ? ಬಿಸಿ ಎಷ್ಟು? ಹೊಸ ಮಳೆನೀರಿನಲ್ಲಿ ಲವಣ ತೀರ ಕಡಿಮೆ. ಬತ್ತುತ್ತಿರುವ ಹೊಂಡದಲ್ಲಿ ಜಾಸ್ತಿ. ಹೊಂಡ ತುಂಬುತ್ತಿದೆಯೋ ಬತ್ತುತ್ತಿದೆಯೋ ಎಂಬುದನ್ನು ಅದು ತಿಳಿಯುವ ದಾರಿಗಳಲ್ಲಿ ಇದೊಂದು. ಕೆಸರಿನಲ್ಲಿ ಆಳಕ್ಕೆ ಹೂತುಹೋದ ಮೊಟ್ಟೆಗೆ ಬೆಳಕು ತಲುಪದು, ಅದು ಮಲಗಿಯೇ ಇರುತ್ತದೆ.

ಎಲ್ಲ ಸರಿಯಿದ್ದರೂ ಎಲ್ಲ ಮೊಟ್ಟೆಗಳೂ ಒಡೆಯುವುದಿಲ್ಲ, ಮತ್ತು ಇಡೀ ವಿಚಾರದಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು. ನಿಮ್ಮ ಕಡೆಯ ರೈತರನ್ನು ಕೇಳಿ: ಮೇ ತಿಂಗಳಲ್ಲಿ ಒಂದು ಅಡ್ಡ ಮಳೆ ಬಿತ್ತೆಂದು ಮನೆಯ ಬೀಜವನ್ನೆಲ್ಲ ಹೊಲಕ್ಕೆ ಹಾಕುವವರು ಯಾರಾದರೂ ಇದ್ದಾರೆಯೇ? ರೋಹಿಣಿಯಲ್ಲಿ ಆಸೆ ತೋರಿಸಿದ ಮಳೆ ಮೃಗಶಿರಾದಲ್ಲಿ ಕೈಕೊಟ್ಟರೆ? ಫೇರಿ ಶ್ರಿಂಪ್ ಕೂಡ ಬೀಜ ಉಳಿಸಿಕೊಂಡೇ ಬಿತ್ತುತ್ತದೆ. ಒಂದೇ ತಾಯಿಯ ಮೊಟ್ಟೆಗಳಲ್ಲಿ ಕೆಲವು ಮೊದಲ ಮಳೆಗೆ, ಕೆಲವು ಮುಂದಿನ ಸಲ ಒಣಗಿ ನೆನೆದಾಗ, ಇನ್ನು ಕೆಲವು ಯಾವಾಗಲೋ. ಹೊಂಡ ಐದೇ ದಿನಕ್ಕೆ ಬತ್ತಿ ಒಂದು ಪೀಳಿಗೆ ಪೂರ್ತಿ ನಾಶವಾದರೂ ಮಣ್ಣಿನಲ್ಲಿ ದಾಸ್ತಾನು ಇದ್ದೇ ಇರುತ್ತದೆ.

ಹಿರಿಯರ "ಮಳೆಯ ಜತೆ ಬೀಳುತ್ತವೆ" ಎಂಬ ಮಾತನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಪ್ರಾಣಿ ಬೀಳುವುದಿಲ್ಲ, ಸರಿ. ಆದರೆ ಧೂಳಿನ ಕಣದಷ್ಟಿರುವ ಈ ಮೊಟ್ಟೆಗಳನ್ನು ಬೇಸಿಗೆಯ ಗಾಳಿ ಹೊತ್ತೊಯ್ಯುತ್ತದೆ. ಎಮ್ಮೆಯ ಗೊರಸಿನ ಕೆಸರಿನಲ್ಲಿ, ಹಕ್ಕಿಯ ಕಾಲಿನಲ್ಲಿ, ಹಕ್ಕಿಯ ಹೊಟ್ಟೆಯೊಳಗೂ ಸಾಗಿ ಜೀವಂತ ಹೊರಬರುತ್ತವೆ. ಹೊಸ ಹೊಂಡಕ್ಕೆ ಇವು ಬರುವುದೇ ಹಾಗೆ.

ಹಾಗಿದ್ದರೆ ಹತ್ತು ಹೆಜ್ಜೆ ಆಚೆಯ ಹೊಂಡದಲ್ಲಿ ಯಾಕಿಲ್ಲ? ನಿಮ್ಮ ಪ್ರಶ್ನೆಗಳಲ್ಲಿ ಬಲು ಚೆಂದದ ಪ್ರಶ್ನೆ ಇದೇ. ಇದಕ್ಕೆ ನಮ್ಮ ತುಳುನಾಡಿನ ಗದ್ದೆಗಳ ಲೆಕ್ಕದಿಂದ ಉತ್ತರಿಸುತ್ತೇನೆ. ನಮ್ಮಲ್ಲಿ ಗದ್ದೆಗಳಿಗೆ ಮೂರು ಹೆಸರು: ಬೆಟ್ಟು, ಮಜಲು, ಬೈಲು. ಎತ್ತರದ ಬೆಟ್ಟು ಗದ್ದೆಯಲ್ಲಿ ಮಳೆ ಇದ್ದಷ್ಟು ದಿನ ನೀರು, ಏಣೆಲು ಎಂಬ ಮಳೆಗಾಲದ ಒಂದೇ ಬೆಳೆ. ಮಜಲಿನಲ್ಲಿ ಏಣೆಲಿನ ಮೇಲೆ ಸುಗ್ಗಿ ಎಂಬ ಎರಡನೇ ಬೆಳೆಯೂ ಆಗುತ್ತದೆ. ತಗ್ಗಿನ ಬೈಲಿನಲ್ಲಿ ಕೊಳಕೆ ಸೇರಿ ಮೂರು. ಅಜ್ಜಂದಿರು ಮಣ್ಣನ್ನಷ್ಟೇ ವಿಂಗಡಿಸಲಿಲ್ಲ, ನೀರು ಎಷ್ಟು ದಿನ ನಿಲ್ಲುತ್ತದೆ ಎಂಬುದನ್ನೂ ಹೆಸರಿನಲ್ಲೇ ಬರೆದಿಟ್ಟರು. ನಾವು ವಿಜ್ಞಾನದಲ್ಲಿ ಜಲಾವಧಿ ಎಂದು ದೊಡ್ಡ ಮಾತಾಡುವುದು ಇದನ್ನೇ. ಋತುಮಾನದ ಹೊಂಡದಲ್ಲಿ ಯಾರು ಬದುಕುತ್ತಾರೆ ಎಂಬುದನ್ನು ಉಳಿದೆಲ್ಲಕ್ಕಿಂತ ಹೆಚ್ಚಾಗಿ ತೀರ್ಮಾನಿಸುವುದು ಈ ಲೆಕ್ಕ.

ನಿಮ್ಮ ಸಡಾದಲ್ಲೂ ಬೆಟ್ಟು, ಮಜಲು, ಬೈಲುಗಳಿವೆ. ಅಳತೆ ಮಾತ್ರ ಗೇಣಿನದು. ಅಂಗೈಯಗಲದ ತಗ್ಗು ಎರಡು ದಿನ ಬಿಸಿಲು ಬಂದರೆ ಮುಗಿಯಿತು. ಅಲ್ಲಿ ಕೆಲವು ಆಸ್ಟ್ರಕೋಡ್‌ಗಳು, ಅಂದರೆ ಎಳ್ಳುಕಾಳಿನಂಥ ಚಿಪ್ಪಿನೊಳಗಿನ ಜೀವಿಗಳು ಸಿಕ್ಕಾವು. ಎರಡು ಮೂರು ವಾರ ನಿಲ್ಲುವ, ತಳದಲ್ಲಿ ತುಸು ಮಣ್ಣಿರುವ, ಮೊಣಕಾಲಿನ ತನಕದ ಹೊಂಡ ಫೇರಿ ಶ್ರಿಂಪ್‌ಗಳ ರಾಜ್ಯ. ಬೆಚ್ಚಗಿನ ನೀರಿನಲ್ಲಿ ಅವು ಒಂದೆರಡು ವಾರದಲ್ಲೇ ಪ್ರಾಯಕ್ಕೆ ಬಂದು ಮೊಟ್ಟೆ ಇಡಬಲ್ಲವು. ಇನ್ನು ಸಡಾದ ಅಂಚಿನಲ್ಲಿ ದೀಪಾವಳಿ ಕಳೆದರೂ ನೀರಿರುವ, ಹುಲ್ಲು ಬೆಳೆದ ದೊಡ್ಡ ತಗ್ಗು ಇದ್ದರೆ ಅಲ್ಲಿ ನೀರುಚಿಗಟ, ಸೈಕ್ಲಾಪ್ಸ್ ಮುಂತಾದ ಚುಕ್ಕೆಯಷ್ಟಿರುವ ಕಠಿಣಚರ್ಮಿಗಳ ಸಂತೆ. ಹೊಂಡ ಹಳೆಯದಾದಷ್ಟೂ ಬೇಟೆಗಾರರು ಕೂಡುತ್ತಾರೆ. ಹಾರಿಬರುವ ನೀರುಜೀರುಂಡೆ, ಬೆನ್ನೀಜು ತಿಗಣೆ, ಏರೋಪ್ಲೇನ್ ಚಿಟ್ಟೆಯ ಮರಿಗಳು. ಅಷ್ಟರಲ್ಲಿ ಮೊಟ್ಟೆಯಿಟ್ಟು ಮುಗಿಸದ ಫೇರಿ ಶ್ರಿಂಪ್ ಅವುಗಳ ಹೊಟ್ಟೆ ಸೇರುತ್ತದೆ. ಒಂದು ಕಡೆ ಬಿಸಿಲು, ಇನ್ನೊಂದು ಕಡೆ ಬಾಯಿ. ನಡುವಿನ ಕಿಂಡಿಯಲ್ಲಿ ಅದರ ಸಂಸಾರ.

ಅವಧಿ ಸಮವಾಗಿದ್ದರೂ ಹೊಂಡಗಳು ಬೇರೆಯಾಗುತ್ತವೆ. ಒಂದರ ತಳ ಬರೀ ಕಲ್ಲು, ಇನ್ನೊಂದರಲ್ಲಿ ನಾಲ್ಕು ಬೆರಳು ಹೂಳು. ಒಂದಕ್ಕೆ ಎಮ್ಮೆ ಇಳಿದು ನೀರು ಕದಡುತ್ತದೆ, ಇನ್ನೊಂದು ತಿಳಿ. ಒಂದಕ್ಕೆ ಮೊಟ್ಟೆ ಬಂದು ಸೇರಿತು, ಇನ್ನೊಂದಕ್ಕೆ ಇನ್ನೂ ಸೇರಿಲ್ಲ. ಇದರಲ್ಲಿ ಅದೃಷ್ಟದ ಪಾಲೂ ಇದೆ.

ನೀವು ನೋಡಿದ "ಓಡಾಡುವ ಚಿಪ್ಪು" ಕ್ಲಾಮ್ ಶ್ರಿಂಪ್ ಇರಬೇಕು. ಕರಾವಳಿಯ ಮಕ್ಕಳಾಗಿದ್ದರೆ ಮಳಿಯ, ಅಂದರೆ ಎರಡು ಚಿಪ್ಪಿನ ಮೃದ್ವಂಗಿಯ, ಮರಿ ಅನ್ನುತ್ತಿದ್ದರು. ಎರಡು ಚಿಪ್ಪುಗಳ ನಡುವಿನಿಂದ ಕಾಲುಗಳು ಇಣುಕುತ್ತಿದ್ದರೆ ಅದೇ. ಇವು ತಳದ ಕೆಸರನ್ನು ಕೆದಕುತ್ತ, ಅರ್ಧ ಹೂತುಕೊಂಡು ಬದುಕುತ್ತವೆ. ಹಾಗಾಗಿ ಹೂಳಿರುವ ಹೊಂಡವೇ ಬೇಕು. ಯೂಲಿಮ್ನೇಡಿಯ ಎಂಬ ಕುಲದಲ್ಲಿ ಒಂದು ವಿಚಿತ್ರ: ಶುದ್ಧ ಹೆಣ್ಣುಗಳಿಲ್ಲ. ಗಂಡುಗಳಿವೆ, ಮತ್ತು ಎರಡೂ ಆಗಿರುವ ದ್ವಿಲಿಂಗಿಗಳಿವೆ. ಗಾಳಿ ಒಂದೇ ಒಂದು ಮೊಟ್ಟೆಯನ್ನು ಹೊಸ ಹೊಂಡಕ್ಕೆ ಎಸೆದು, ಅದು ದ್ವಿಲಿಂಗಿಯಾದರೆ ಸಾಕು, ಜೊತೆಗಾರನಿಲ್ಲದೆಯೂ ಹೊಂಡ ತುಂಬೀತು.

ಕ್ಲಾಮ್ ಶ್ರಿಂಪ್‌ಗಳಿಗೂ ನಮ್ಮ ದಖನ್ನಿಗೂ ಹಳೆಯ ಸಂಬಂಧವಿದೆ. ನಾಗಪುರದಲ್ಲಿದ್ದ ಸ್ಟೀಫನ್ ಹಿಸ್ಲಾಪ್ ಎಂಬ ಸ್ಕಾಟಿಷ್ ಪಾದ್ರಿಗೆ ಕಲ್ಲು, ಪಳೆಯುಳಿಕೆಗಳ ಹುಚ್ಚು. ಅಲ್ಲಿಂದ ಆತ ಕಳಿಸಿದ ಸಣ್ಣ ಚಿಪ್ಪುಜೀವಿಯನ್ನು ಪ್ರಾಣಿಶಾಸ್ತ್ರಜ್ಞ ವಿಲಿಯಂ ಬೇರ್ಡ್ 1859ರಲ್ಲಿ ವರ್ಣಿಸಿ ಆತನ ಹೆಸರನ್ನೇ ಇಟ್ಟ. ಇಂದು ಅದು ಸೈಕ್ಲೆಸ್ಥೀರಿಯ ಹಿಸ್ಲೋಪಿ. ಲೋಕದ ಉಷ್ಣವಲಯದುದ್ದಕ್ಕೂ ಸಿಗುವ ಈ ಜೀವಿ ತನ್ನ ಬಂಧುಗಳ ಹಾಗಲ್ಲ. ಮರಿಗಳನ್ನು ಚಿಪ್ಪಿನೊಳಗೇ ಇಟ್ಟುಕೊಂಡು ಸಾಕಿ, ತನ್ನದೇ ಆಕಾರ ಬಂದ ಮೇಲೆ ಹೊರಬಿಡುತ್ತದೆ. ಹಿಸ್ಲಾಪ್ 1863ರ ಸೆಪ್ಟೆಂಬರಿನಲ್ಲಿ, ಹಳೆಯ ಕಲ್ಲುವೃತ್ತಗಳನ್ನು ನೋಡಿ ಹಿಂತಿರುಗುವಾಗ, ಮಳೆಗೆ ಉಕ್ಕಿದ ಹಳ್ಳವೊಂದರಲ್ಲಿ ಕೊಚ್ಚಿಹೋದ. ಪ್ರಶ್ನೆಗೆ ಸಂಬಂಧವಿಲ್ಲದ ಮಾತು, ಆದರೂ ಮಳೆಹೊಂಡದ ಬಗ್ಗೆ ಬರೆಯುವಾಗೆಲ್ಲ ನನಗೆ ನೆನಪಾಗುತ್ತದೆ.

ಒಂದೇ ಹೊಂಡದೊಳಗೂ ಕೋಣೆಗಳಿವೆ. ಹೊರಗಿನಿಂದ ನೋಡಿದರೆ ಬೋಗುಣಿಯಷ್ಟು ನೀರು. ಆದರೆ ನಡುವಿನ ತೆರೆದ ನೀರು ಫೇರಿ ಶ್ರಿಂಪ್‌ಗಳದ್ದು. ತಳದ ಹೂಳು ಕ್ಲಾಮ್ ಶ್ರಿಂಪ್ ಮತ್ತು ಆಸ್ಟ್ರಕೋಡ್‌ಗಳದ್ದು. ಹುಲ್ಲುಕಡ್ಡಿಗಳ ಸಂದಿಯಲ್ಲಿ ಗುಂಡಗಿನ ಸಣ್ಣ ನೀರುಚಿಗಟಗಳು ಎಲೆಯ ಮೇಲಿನ ಲೋಳೆಯನ್ನು ಕೆರೆದು ತಿನ್ನುತ್ತವೆ. ಅಂಚಿನ ಬೆಚ್ಚಗಿನ ತೆಳುನೀರಿನಲ್ಲಿ ಸೈಕ್ಲಾಪ್ಸ್‌ಗಳು ಚಿಮ್ಮುತ್ತ ಕಣ್ಣಿಗೆ ಕಂಡೂ ಕಾಣದಂಥ ಬೇಟೆಯಾಡುತ್ತವೆ. ಹೊತ್ತಿನ ಪ್ರಕಾರವೂ ಜಾಗ ಬದಲಾಗುತ್ತದೆ. ಮಧ್ಯಾಹ್ನ ಅಂಚಿನ ನೀರು ಕಾದಾಗ ಆಳಕ್ಕೆ, ಬೆಳಗಿನ ಜಾವ ಆಮ್ಲಜನಕ ಇಳಿದಾಗ ಮೇಲಕ್ಕೆ. ಉಸಿರು ಕಟ್ಟುವ ನೀರಿನಲ್ಲಿ ಡಾಫ್ನಿಯ ಎಂಬ ನೀರುಚಿಗಟ ತನ್ನ ರಕ್ತದಲ್ಲಿ ಹಿಮೋಗ್ಲೋಬಿನ್ ಹೆಚ್ಚಿಸಿಕೊಳ್ಳುತ್ತದೆ. ಆಗ ಮೈ ನಸುಗೆಂಪಾಗಿ ಕಾಣುತ್ತದೆ. ನಿಮ್ಮ ಮಕ್ಕಳಿಗೆ ಗುಲಾಬಿ ಬಣ್ಣದ ಚುಕ್ಕೆಗಳು ಕಂಡರೆ ಆ ಹೊಂಡದ ನೀರು ಕೊಳೆಯುತ್ತಿದೆ ಎಂದು ಊಹಿಸಬಹುದು.

ಹುಬ್ಬೆ, ಉತ್ತರೆಯ ಹೊತ್ತಿಗೆ ಸಡಾದ ಒದ್ದೆ ನೆಲದಲ್ಲಿ ನೀಲಿ ನೇರಳೆ ಹೂವಿನ ಸೀತಾಶ್ರು ಅರಳುತ್ತದಲ್ಲ, ಫೋಟೊ ತೆಗೆಯಲು ಪೇಟೆಯವರೂ ಬರುತ್ತಾರೆ. ಆ ಗಿಡದ ಬುಡ ಕಿತ್ತು ನೋಡಿದರೆ ಸಾಸಿವೆಗಿಂತ ಚಿಕ್ಕ ಚೀಲಗಳು ಕಾಣುತ್ತವೆ. ಪ್ರತಿಯೊಂದೂ ಒಂದು ಬೋನು. ಅದರ ಬಾಗಿಲ ರೋಮಕ್ಕೆ ನೀರುಚಿಗಟವೋ ಆಸ್ಟ್ರಕೋಡೋ ತಾಗಿದರೆ ಕಣ್ಣೆವೆ ಮುಚ್ಚುವುದರೊಳಗೆ ಒಳಕ್ಕೆ ಹೀರಿ ಬಾಗಿಲು ಹಾಕಿಕೊಳ್ಳುತ್ತದೆ. ಬಡಕಲು ಜಂಬಿಟ್ಟಿಗೆಯಲ್ಲಿ ಸಾರಜನಕ ಎಲ್ಲಿ ಸಿಗಬೇಕು? ನಾವು ಹೂವು ನೋಡುತ್ತೇವೆ, ಹೂವು ನಿಂತಿರುವುದು ಒಂದು ಪಾಲು ಈ ಸಣ್ಣ ಜೀವಿಗಳ ಮೇಲೆ.

ಜಂಬಿಟ್ಟಿಗೆ ಅಂದ ಕೂಡಲೇ ಒಂದು ಮಾತು. 1800–01ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟದ್ದು 1807ರ ಪುಸ್ತಕದಲ್ಲಿ. ಲ್ಯಾಟಿನ್‌ನಲ್ಲಿ ಲೇಟರ್ ಎಂದರೆ ಇಟ್ಟಿಗೆ. ನಮ್ಮ ಹೆಸರಿನಲ್ಲೂ ಇಟ್ಟಿಗೆ ಕೂತಿದೆ. ತೂತುತೂತಾದ ಈ ಕಲ್ಲು ಕತ್ತರಿಸಿದರೆ ಇಟ್ಟಿಗೆ, ಬಿಟ್ಟರೆ ಹೊಂಡ.

ಏಡಿಗಳ ಬಗ್ಗೆ ನೀವು ಕೇಳಲಿಲ್ಲ, ಆದರೆ ಅವನ್ನು ಬಿಟ್ಟರೆ ಚಿತ್ರ ಅರ್ಧವಾಗುತ್ತದೆ. ಏಡಿಯದು ಇದಕ್ಕೆ ತದ್ವಿರುದ್ಧವಾದ ದಾರಿ. ಅದು ಧೂಳಿನಲ್ಲಿ ಮೊಟ್ಟೆ ಬಿಟ್ಟು ಸಾಯುವುದಿಲ್ಲ, ತಾನೇ ಬೇಸಿಗೆ ದಾಟುತ್ತದೆ. ದಖನ್ನಿನ ಸಾಮಾನ್ಯ ನೆಲದೇಡಿಗೆ 1836ರಲ್ಲೇ ಕ್ಯೂನಿಕ್ಯುಲಾರಿಸ್ ಎಂಬ ಹೆಸರು ಬಿತ್ತು, ಬಿಲ ತೋಡುವವನು ಎಂಬರ್ಥದಲ್ಲಿ. ನೀರಿನ ಪಸೆ ಸಿಗುವ ತನಕ ಬಿಲ ಕೊರೆದು, ಬಾಯಿಗೆ ಮಣ್ಣು ಮೆತ್ತಿ ಒಳಗೆ ಕೂರುತ್ತದೆ. ಕಿವಿರಿನ ಗೂಡಿನ ಒಳಗೋಡೆಯೇ ಶ್ವಾಸಕೋಶದ ಕೆಲಸ ಮಾಡುವುದರಿಂದ ಒದ್ದೆ ಗಾಳಿಯಲ್ಲೂ ಉಸಿರಾಡುತ್ತದೆ. ಕಡಲ ಏಡಿಯ ಹಾಗೆ ತೇಲುವ ಲಾರ್ವಾ ಇಲ್ಲ. ಹೊಟ್ಟೆಯ ಮಡಿಕೆಯಲ್ಲಿ ಮೊಟ್ಟೆ, ಅಲ್ಲೇ ಮರಿ, ಮಳೆ ಬಂದ ಮೇಲೆ ಬಿಡುಗಡೆ. ಯಲ್ಲಾಪುರದ ಕಡೆಯಿಂದ 2022ರಲ್ಲಿ ವರ್ಣಿಸಲಾದ ಎರಡು ಬಣ್ಣದ ಘಾಟಿಯಾನ ದ್ವಿವರ್ಣದ ಕುಲದವಂತೂ ಜಂಬಿಟ್ಟಿಗೆಯ ತೂತುಗಳನ್ನು, ಮರದ ಪೊಟರೆಗಳನ್ನೇ ಮನೆ ಮಾಡಿಕೊಳ್ಳುತ್ತವೆ. ಗದ್ದೆಯ ಬದುವಿನಲ್ಲಿ ಏಡಿ ಬಿಲದಿಂದ ನೀರು ಸೋರಿ ಹೋಗುತ್ತದೆ ಎಂಬುದು ರೈತರ ದೂರು, ಸುಳ್ಳಲ್ಲ. ಅದಕ್ಕೆಂದು ಬಿಲಕ್ಕೆ ಫೋರೇಟ್ ಎಂಬ ಕೀಟನಾಶಕದ ಗುಳಿಗೆ ಹಾಕುವ ರೂಢಿ ಕೆಲವೆಡೆ ಇತ್ತು. ಆ ಗುಳಿಗೆ ಏಡಿಯಲ್ಲಿ ನಿಲ್ಲುವುದಿಲ್ಲ, ಏಡಿ ತಿಂದ ಕೊಕ್ಕರೆಗೂ, ಬದುವಿನ ಕೆಳಗಿನ ನೀರಿಗೂ ಹೋಗುತ್ತದೆ. 2020ರ ಕೊನೆಯಿಂದ ದೇಶದಲ್ಲಿ ಫೋರೇಟ್ ನಿಷೇಧವಾಗಿದೆ. ಬದು ತುಳಿದು ಕೆಸರು ಮೆತ್ತುವ ಹಳೆಯ ಕೆಲಸಕ್ಕೆ ಬದಲಿ ಇಲ್ಲ.

ಇನ್ನು ಮೀನು ಬಿಡುವ ವಿಚಾರ. ನನ್ನ ಉತ್ತರ ನೇರವಾಗಿ: ಬೇಡ.

ಈ ಜೀವಿಗಳು ಹೊಂಡ ಬತ್ತಿದರೂ ಹೇಗೋ ಉಳಿದುಕೊಂಡಿವೆ ಎಂದು ನಾವು ಮರುಗುತ್ತೇವೆ. ವಿಷಯ ತಿರುಗುಮುರುಗು. ಬತ್ತುವುದರಿಂದಲೇ ಅವು ಉಳಿದಿವೆ. ಬತ್ತುವ ಹೊಂಡದಲ್ಲಿ ಮೀನು ಇರಲಾರದು, ಮೀನಿಲ್ಲದ್ದೇ ಅವುಗಳ ಕೋಟೆ. ಅಂಗಾತ ಹಾಯಾಗಿ ತೇಲುವ, ಗುರಾಣಿಯೂ ಇಲ್ಲದ, ಓಡಲೂ ಬಾರದ ಫೇರಿ ಶ್ರಿಂಪ್ ಮೀನಿಗೆ ತಟ್ಟೆಯಲ್ಲಿಟ್ಟ ಊಟ. ಹಲವು ಜಾತಿಗಳ ಮೊಟ್ಟೆ ಒಮ್ಮೆ ಒಣಗದೆ ಸರಿಯಾಗಿ ಒಡೆಯುವುದೂ ಇಲ್ಲ. ಹೊಂಡ ಆಳ ಮಾಡಿ ವರ್ಷವಿಡೀ ನೀರು ನಿಲ್ಲಿಸಿದರೆ ಮೀನು ಬಿಡದಿದ್ದರೂ ಅವುಗಳ ವಾಸ ಹೋಯಿತು. ಜೆಸಿಬಿ ತೆಗೆದು ಬದಿಗೆ ಸುರಿಯುವ ಆ ಎರಡು ಬುಟ್ಟಿ ಹೂಳು ಇದೆಯಲ್ಲ, ಎಷ್ಟೋ ವರ್ಷಗಳ ದಾಸ್ತಾನು ಅದರಲ್ಲೇ ಇರುವುದು.

ಸೊಳ್ಳೆಯ ಭಯ ನ್ಯಾಯವಾದದ್ದೇ. ನಿಂತ ನೀರಿನಲ್ಲಿ ಸೊಳ್ಳೆ ಮೊಟ್ಟೆಯಿಡುತ್ತದೆ, ನಿಮ್ಮ ಹೊಂಡದಲ್ಲೂ ಇಡಬಹುದು. ಆದರೆ ಆ ಹೊಂಡದಲ್ಲಿ ನೀರುಜೀರುಂಡೆ, ಬೆನ್ನೀಜು ತಿಗಣೆ, ಏರೋಪ್ಲೇನ್ ಚಿಟ್ಟೆಯ ಮರಿಗಳು ಕಾದು ಕೂತಿರುತ್ತವೆ. ದೊಡ್ಡ ಸೈಕ್ಲಾಪ್ಸ್ ಜಾತಿಗಳೂ ಆಗಷ್ಟೇ ಹುಟ್ಟಿದ ಸೊಳ್ಳೆಮರಿಯನ್ನು ತಿನ್ನುತ್ತವೆ. ವಿಯೆಟ್ನಾಮಿನಲ್ಲಿ ಮೀಸೋಸೈಕ್ಲಾಪ್ಸ್‌ಗಳನ್ನು ಮನೆಯ ನೀರಿನ ತೊಟ್ಟಿಗಳಿಗೆ ಬಿಟ್ಟು ಡೆಂಗಿ ಸೊಳ್ಳೆಯನ್ನು ಹಳ್ಳಿಹಳ್ಳಿಗಳಲ್ಲಿ ಹತ್ತಿಕ್ಕಿದರು. ಡೆಂಗಿಯ ಈಡಿಸ್ ಸೊಳ್ಳೆ ಹುಡುಕುವುದು ಸಡಾದ ಹೊಂಡವನ್ನಲ್ಲ, ಮುಚ್ಚಳವಿಲ್ಲದ ಡ್ರಮ್ಮು, ಒಡೆದ ಮಡಕೆ, ಹಳೆ ಟೈರುಗಳನ್ನು. ಶಾಲೆಯ ಅಂಗಳದಿಂದ ಶುರು ಮಾಡಿ ವಾರಕ್ಕೊಮ್ಮೆ ಅವನ್ನು ಕವುಚಿ ಹಾಕಿಸಿದರೆ ಮೀನಿಗಿಂತ ಹೆಚ್ಚು ಫಲ. ಸೊಳ್ಳೆಗೆಂದು 1928ರಲ್ಲಿ ಭಾರತಕ್ಕೆ ತಂದ ಗ್ಯಾಂಬೂಸಿಯ ಮೀನು ಸೊಳ್ಳೆಮರಿಯ ಜತೆಗೆ ಗೊದಮೊಟ್ಟೆಯನ್ನೂ, ಸೊಳ್ಳೆ ತಿನ್ನುವ ಹುಳಗಳನ್ನೂ ತಿನ್ನುತ್ತದೆ. ಮನೆಯ ತೊಟ್ಟಿಗೆ ಸರಿ, ಬಯಲಿಗೆ ಬಿಡುವಂಥದ್ದಲ್ಲ.

ಸೈಕ್ಲಾಪ್ಸ್ ಹೆಸರು ಕೇಳಿ ಊರಿನ ಹಿರಿಯರು ಗಾಬರಿಯಾದರೆ ಅದಕ್ಕೂ ಕಾರಣವಿದೆ. ಉತ್ತರ ಕರ್ನಾಟಕದಲ್ಲಿ ಒಂದು ಕಾಲಕ್ಕೆ ನಾರುಹುಣ್ಣು ಜನರನ್ನು ಹಣ್ಣು ಮಾಡಿತ್ತು. ಆ ಹುಣ್ಣು ತರುವ ಹುಳು ಸೈಕ್ಲಾಪ್ಸ್ ಇರುವ ನೀರು ಕುಡಿದವರ ಮೈ ಸೇರುತ್ತಿತ್ತು. ಮೆಟ್ಟಿಲುಬಾವಿಗೆ ಇಳಿದು ನೀರು ತರುತ್ತಿದ್ದ ದಿನಗಳವು. ದೇಶದ ಕೊನೆಯ ರೋಗಿ ಪತ್ತೆಯಾದದ್ದು 1996ರಲ್ಲಿ, 2000ದಲ್ಲಿ ಭಾರತ ನಾರುಹುಣ್ಣುಮುಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ತಪ್ಪು ಸೈಕ್ಲಾಪ್ಸಿನದಾಗಿರಲಿಲ್ಲ, ಬಟ್ಟೆಯಲ್ಲಿ ಸೋಸಿ ಕುಡಿಯುವುದೂ ಆಗ ಮದ್ದೇ ಆಗಿತ್ತು. ಏನೇ ಆಗಲಿ, ಸಡಾದ ನೀರನ್ನು ಮಕ್ಕಳು ಕುಡಿಯದಂತೆ ನೋಡಿಕೊಳ್ಳಿ. ಕಾರಣ ಸೈಕ್ಲಾಪ್ಸ್ ಅಲ್ಲ, ದನದ ಸಗಣಿ.

ಊರಿಗೆ ನೀರು ಬೇಕೆಂದರೆ ಸಡಾದ ಕೆಳಗಿನ ಇಳಿಜಾರಿನಲ್ಲಿ, ಮಣ್ಣು ಆಳವಿರುವಲ್ಲಿ ಕೆರೆ ತೋಡಿಸಲಿ. ಅಲ್ಲಿ ನೀರೂ ನಿಂತೀತು, ಮೀನೂ ಬೆಳೆದೀತು. ಮೇಲಿನ ಗೇಣುದ್ದದ ಹೊಂಡ ಆಳ ಮಾಡಿದರೆ ತೂತು ಕಲ್ಲಿನಲ್ಲಿ ನೀರು ಇಳಿದುಹೋಗಿ, ಇದ್ದ ನೀರೂ ನಿಲ್ಲದೆ ಹೋದರೆ ಆಶ್ಚರ್ಯವಿಲ್ಲ. ಕಾಗದದ ಕಡೆಯಿಂದ ನಿಮಗೆ ಹೆಚ್ಚು ಬಲ ಸಿಗದು ಎಂಬುದನ್ನೂ ಹೇಳಿಬಿಡುತ್ತೇನೆ. 2017ರ ಜೌಗುಪ್ರದೇಶ ನಿಯಮಗಳು ಭತ್ತದ ಗದ್ದೆಯನ್ನು ಹೊರಗಿಟ್ಟಿವೆ, ಅಧಿಸೂಚನೆಯ ಪಟ್ಟಿಗೆ ಬೋಗುಣಿಯಂಥ ಹೊಂಡವನ್ನು ಯಾರೂ ತರುವುದಿಲ್ಲ, ಪಹಣಿಯಲ್ಲಿ ಇಂಥ ಕಲ್ಲುನೆಲ ಸಾಮಾನ್ಯವಾಗಿ ಖರಾಬು. ಖರಾಬು ಎಂಬ ಒಂದು ಪದದ ಮೇಲೆ ಎಷ್ಟು ಸಡಾಗಳು ಕಲ್ಲುಕ್ವಾರಿಯಾದವೋ! ಹಾಗಾಗಿ ಸಭೆಯಲ್ಲಿ ನಿಯಮ ಓದುವುದಕ್ಕಿಂತ ಸದಸ್ಯರನ್ನು ಆರಿದ್ರಾ ಮಳೆಯಲ್ಲಿ ಒಮ್ಮೆ ಮೇಲೆ ಕರೆದೊಯ್ದು, ಮಕ್ಕಳ ಕೈಲಿ ಆ ಬಾಟಲಿ ತೋರಿಸುವುದು ಮೇಲು.

ತರಗತಿಗೆ ಒಂದು ಕೆಲಸ. ಮಾರ್ಚ್ ಕೊನೆಗೆ, ಪರೀಕ್ಷೆಯ ಗಡಿಬಿಡಿಗೆ ಮುಂಚೆ, ಮೂರು ಹೊಂಡಗಳ ಒಣಮಣ್ಣನ್ನು ಮೇಲುಮೇಲಿಂದ ಒಂದೊಂದು ಚಮಚ ಬೇರೆ ಬೇರೆ ಪೊಟ್ಟಣದಲ್ಲಿ ತೆಗೆಯಿರಿ. ಚೀಟಿ ಅಂಟಿಸಿ: ಯಾವ ಹೊಂಡ, ಕಳೆದ ಮಳೆಗಾಲದಲ್ಲಿ ಎಷ್ಟು ದಿನ ನೀರಿತ್ತು. ಬಿಳಿ ತಟ್ಟೆಯಲ್ಲಿ ಮಣ್ಣು ಹಾಕಿ ಎರಡು ಬೆರಳು ಎತ್ತರಕ್ಕೆ ಮಳೆನೀರು ಹಾಕಿ. ಹಿಂದಿನ ಮಳೆಗಾಲದ್ದನ್ನು ಹಿಡಿದಿಟ್ಟಿರಿ, ಇಲ್ಲವೇ ಅಂಗಡಿಯ ಡಿಸ್ಟಿಲ್ಡ್ ನೀರು ತನ್ನಿ. ಬೋರ್‌ವೆಲ್ ನೀರಿನಲ್ಲಿ ಲವಣ ಜಾಸ್ತಿ, ನಲ್ಲಿಯದರಲ್ಲಿ ಕ್ಲೋರಿನ್. ಕಿಟಕಿಯ ಬೆಳಕಿನಲ್ಲಿಡಿ, ನೇರ ಬಿಸಿಲಿನಲ್ಲಲ್ಲ. ಎರಡು ಮೂರು ದಿನಕ್ಕೆ ಎದ್ದರೆ, ಕೈಮಸೂರದಲ್ಲಿ ಒಂದೇ ಕಣ್ಣಿನ, ಆರು ಕಾಲಿನ ಚುಕ್ಕೆಗಳು ಬೆಳಕಿನ ಕಡೆ ಎಳೆದೆಳೆದು ಈಜುವುದು ಕಾಣುತ್ತದೆ. ಅದು ನಾಪ್ಲಿಯಸ್ ಎಂಬ ಮೊದಲ ಮರಿ. ಒಂದು ತಟ್ಟೆಯಲ್ಲಿ ಏನೂ ಏಳದಿದ್ದರೆ ಹಾಗೇ ಒಣಗಿಸಿ, ಮತ್ತೆ ನೆನೆಸಿ. ಎರಡನೇ ಸಲ ಎದ್ದರೆ ಬೀಜ ಉಳಿಸಿಕೊಂಡ ರೈತನ ಕಥೆ ಮಕ್ಕಳಿಗೆ ತಾನಾಗಿ ಅರ್ಥವಾಗುತ್ತದೆ. ಮುಗಿದ ಮೇಲೆ ಪ್ರತಿ ತಟ್ಟೆಯ ಮಣ್ಣನ್ನು ಚೀಟಿ ನೋಡಿ, ತೆಗೆದ ಹೊಂಡಕ್ಕೇ ಸುರಿಯಿರಿ. ಒಂದರದ್ದನ್ನು ಇನ್ನೊಂದಕ್ಕೆ ಹಾಕಿದರೆ ನಿಮ್ಮ ಹತ್ತು ಹೆಜ್ಜೆಯ ಪ್ರಶ್ನೆಗೆ ಮುಂದಿನ ವರ್ಷ ಉತ್ತರ ಸಿಗುವುದಿಲ್ಲ.